ಹಿಂದಕ್ಕೂ ತಿರುಗುವ ಮುಚ್ಚಳ

ಸದಾಶಿವನಗರದ ನಮ್ಮ ರಸ್ತೆಯಲ್ಲಿ ಬೆಳಗಿನ ಹೊತ್ತು ಸೀಟಿ ಕೇಳಿಸಿದರೆ ಯಾರೂ ಗಾಬರಿಯಾಗಿ ಹೊರಗೆ ಓಡಿ ಬರುತ್ತಿರಲಿಲ್ಲ. ಎದುರು ಮನೆಯ ಪಿ.ಟಿ. ಮೇಡಂ ಮರ ಕಡೆಯುವ ಲೇತ್ ಶುರು ಮಾಡುತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಒಂದು ಉದ್ದನೆಯ ಸೀಟಿ ಎಂದರೆ ಮಿಷನ್ನಿನ ನೇರಕ್ಕೆ ಯಾರೂ ನಿಲ್ಲಕೂಡದು. ಎರಡು ಚಿಕ್ಕ ಸೀಟಿ ಎಂದರೆ ಮಿಷನ್ ನಿಂತಿದೆ, ಬೇಕಾದವರು ಬಂದು ನೋಡಬಹುದು. ಕಾರು ನಿಲ್ಲಬೇಕಾದ ಲೇತಿನ ಶೆಡ್ಡಿನಲ್ಲಿ ಅವರನ್ನು ಬಿಟ್ಟರೆ ಇರುತ್ತಿದ್ದದ್ದು ಒಂದು ಬೆಕ್ಕು ಮಾತ್ರ. ಆದರೆ ಬೆಕ್ಕಿಗೊಂದು ರೂಲು, ಮನುಷ್ಯರಿಗೊಂದು ರೂಲು ಎಂಬ ಭೇದ ಅವರಲ್ಲಿರಲಿಲ್ಲ. ಸೀಟಿ ಊದಿದ ಕೂಡಲೇ ಬೆಕ್ಕು ಎದ್ದು ಪಕ್ಕಕ್ಕೆ ಸರಿಯುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ.

ಹೋದ ತಿಂಗಳು ಮೇಡಂ ತೀರಿಕೊಂಡರು. ಅದಕ್ಕೂ ಎಷ್ಟೋ ಮೊದಲೇ ಆ ಸೀಟಿ ನಿಂತುಹೋಗಿತ್ತು. ತಿಥಿಯ ಊಟಕ್ಕೆ ಕೂತಾಗ ಪಕ್ಕದ ಎಲೆಯವರು, "ಅಲ್ಲಾ ಡಾಕ್ಟ್ರೇ, ಅವ್ರ ಕೊರಳಲ್ಲಿ ಯಾವಾಗ್ಲೂ ಒಂದ್ ಸೀಟಿ ನೇತಾಡ್ತಿತ್ತಲ್ಲ, ಮನೆಯೆಲ್ಲಾ ಹುಡುಕಿದ್ರೂ ಸಿಗ್ಲಿಲ್ವಂತೆ, ಅದೆಲ್ಲೋಯ್ತು?" ಎಂದರು. ನಾನು ಪಾಯಸ ಕುಡಿಯುತ್ತಿದ್ದೆ, ನಗು ಬಂದು ನೆತ್ತಿಗೇರಿತು. ತಿಥಿ ಊಟದಲ್ಲಿ ನಗುವುದು ಒಳ್ಳೆಯದಲ್ಲ, ನಮ್ಮವಳು ಅಲ್ಲಿಂದಲೇ ಕಣ್ಣು ಬಿಟ್ಟಳು. ಆದರೆ ಆ ಸೀಟಿ ಎಲ್ಲಿದೆ ಎಂದು ಈ ಬೀದಿಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಅದು ಗುಬ್ಬಿಯಲ್ಲಿದೆ. ಹೇಗೆ ಅಲ್ಲಿಗೆ ಹೋಯಿತು ಎಂದು ಹೇಳದೆ ನನಗೆ ಇನ್ನು ಇರಲಾಗುವುದಿಲ್ಲ.

ಮೇಡಂ ಕುಣಿಗಲ್ಲಿನ ಹೆಣ್ಣುಮಕ್ಕಳ ಸರ್ಕಾರಿ ಹೈಸ್ಕೂಲಿನಲ್ಲಿ ಆಟದ ಟೀಚರ್ ಆಗಿದ್ದು ರಿಟೈರ್ ಆದವರು. ಕಾಟನ್ ಸೀರೆ, ಅದರ ಮೇಲೊಂದು ಹಳೇ ಟ್ರ್ಯಾಕ್ ಸೂಟಿನ ಮೇಲಂಗಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಸೀಟಿ. ಮದುವೆ ಮನೆಗೂ ಅದೇ ವೇಷ, ಶೂ ಮಾತ್ರ ಹೊಸದು. ತಾವು ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಬಾಯಿ ತಪ್ಪಿ ಕೇಳಿದರೆ, "ಟೂರ್ನಮೆಂಟ್ ಇತ್ತು" ಎನ್ನುತ್ತಿದ್ದರು. ಯಾವ ಟೂರ್ನಮೆಂಟು, ಎಲ್ಲಿ ಎಂದು ಮುಂದಕ್ಕೆ ಕೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಮಧ್ಯಾಹ್ನದ ಕಾಫಿಗೆ ಅವರು ಹಾಫ್ ಟೈಮ್ ಎನ್ನುತ್ತಿದ್ದರು. ಕರೆಂಟ್ ಹೋದರೆ ಕೆ.ಇ.ಬಿ.ಯವರು ಔಟ್. ನಾನು ಕ್ಲಿನಿಕ್ಕಿಗೆ ಲೇಟಾಗಿ ಹೊರಟರೆ ಗೇಟಿನಿಂದಲೇ, "ಡಾಕ್ಟ್ರೇ, ನಿಮ್ ಟೀಮ್ ಒಂಬತ್ತೂವರೆಗೇ ಗ್ರೌಂಡಲ್ಲಿ ಇರ್ಬೇಕಿತ್ತು!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಅವರಿಗೆ ಮೆಲ್ಲಗೆ ಮಾತಾಡುವುದು ಬರುತ್ತಲೇ ಇರಲಿಲ್ಲ. ಅಷ್ಟು ವರ್ಷ ಬಯಲಿನಲ್ಲಿ ಕೂಗಿದ ಗಂಟಲು ಅದು.

ಮರದ ಕೆಲಸ ಅವರಿಗೆ ತವರಿನಿಂದ ಬಂದದ್ದು. ಹುಲಿಯೂರುದುರ್ಗದಲ್ಲಿ ಅವರ ತಂದೆ ತೊಟ್ಟಿಲ ಕಂಬ, ಕಡೆಗೋಲು, ಲಟ್ಟಣಿಗೆ ಕಡೆಯುತ್ತಿದ್ದರಂತೆ. ಆಗ ಮೋಟರಿಲ್ಲ, ಹಗ್ಗ ಸುತ್ತಿ ಇಬ್ಬರು ಎಳೆದರೆ ಮರ ತಿರುಗುತ್ತಿತ್ತು. ಹಗ್ಗದ ಒಂದು ತುದಿ ಮೇಡಂ ಕೈಲಿ. "ನನ್ ತೋಳು ನೋಡಿ ಡಾಕ್ಟ್ರೇ, ಶಾಟ್‌ಪುಟ್‌ನಲ್ಲಿ ಬಂದಿದ್ದಲ್ಲ ಇದು, ನಮ್ಮಪ್ಪನ ಹಗ್ಗದಲ್ಲಿ ಬಂದಿದ್ದು" ಎಂದು ತೋಳು ಮಡಚಿ ತೋರಿಸುತ್ತಿದ್ದರು. ರಿಟೈರ್ ಆದ ಕೂಡಲೇ ಎಲ್ಲರೂ ಕಾಶಿಗೋ ಧರ್ಮಸ್ಥಳಕ್ಕೋ ಹೊರಟರೆ ಇವರು ಲೇತ್ ಕೊಂಡರು. ಅದನ್ನು ಲಗೇಜ್ ಆಟೋದಿಂದ ಇಳಿಸಿದ ದಿನ ತಾವೇ ಮುಂದೆ ನಿಂತು, ಸೀಟಿ ಊದಿ, ಬೀದಿಯ ಗಂಡಸರನ್ನೆಲ್ಲ ಎರಡು ಸಾಲು ಮಾಡಿಸಿ ಹೊರಿಸಿದರು. ನನಗೆ ಸೊಂಟ ಹಿಡಿದುಕೊಂಡಿತು.

ಆದರೂ ನಾವು ನಿಜವಾಗಿ ಪರಿಚಯವಾದದ್ದು ಶಿರಾ ಗೇಟಿನ ನನ್ನ ಕ್ಲಿನಿಕ್ಕಿನಲ್ಲಿ. ಅವರ ದವಡೆ ಹಲ್ಲು ಹುಳುಕಾಗಿತ್ತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಬಾಯಿ ಅಗಲಿಸಿ, ಡ್ರಿಲ್ ಹಾಕಿ ಕೊರೆಯುತ್ತಿದ್ದೆ. ಅರ್ಧದಲ್ಲಿ ಕೈ ಎತ್ತಿದರು. ನೋವಾಯಿತೇನೋ ಎಂದು ಗಾಬರಿಯಿಂದ ನಿಲ್ಲಿಸಿದೆ. ಬಾಯೊಳಗಿನ ಹತ್ತಿಯನ್ನೆಲ್ಲ ಉಗಿದು, ಸೊಟ್ಟಗಾದ ತುಟಿಯಲ್ಲೇ, "ಡಾಕ್ಟ್ರೇ, ಇದು ಮರದ್ ಮೇಲ್ ಓಡುತ್ತಾ?" ಎಂದರು.

"ಏನು ಮೇಡಂ?"

"ಈ ಡ್ರಿಲ್ ತುದೀಲಿರೋ ಸಣ್ಣ ಮುಳ್ಳು ಕಣ್ರೀ! ಹಲ್ಲನ್ನೇ ಹಿಂಗೆ ಬೆಣ್ಣೆ ಥರ ಕೆತ್ತುತ್ತೆ ಅಂದ್ರೆ ಮರ ಯಾವ್ ಲೆಕ್ಕ? ಸವೆದಿದ್ದು ಏನ್ಮಾಡ್ತೀರಿ?"

"ಬಿಸಾಡ್ತೀವಿ."

ಅವರು ಕುರ್ಚಿಯಲ್ಲಿ ಎದ್ದು ಕೂತರು. ಬಂಗಾರವನ್ನು ಚರಂಡಿಗೆ ಎಸೆಯುವವನನ್ನು ನೋಡುವಂತೆ ನನ್ನನ್ನು ನೋಡಿದರು. ಆ ವಾರವೇ ಚೆನ್ನಾಗಿ ಸ್ಟೆರಿಲೈಜ್ ಮಾಡಿದ ಸವೆದ ಮುಳ್ಳುಗಳ ಡಬ್ಬಿ, ಅವನ್ನು ತಿರುಗಿಸಲು ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ಚಿಕ್ಕ ಮೋಟರು ಅವರ ಶೆಡ್ ಸೇರಿದವು. ಕ್ಲಿನಿಕ್ ಮುಗಿಸಿ ಬರುವಾಗ ದಿನಾ ಆ ಶೆಡ್ಡಿನೊಳಗೆ ಇಣುಕದೆ ಮನೆಗೆ ಹೋಗಲಾಗದ ಚಟ ನನಗೂ ಹತ್ತಿಕೊಂಡಿತು.

ಏನು ಚಂದ ಗೊತ್ತೇ ಅದನ್ನು ನೋಡುವುದು! ಒರಟು ಮರದ ತುಂಡನ್ನು ಲೇತಿಗೆ ಕಚ್ಚಿಸಿ ಸ್ವಿಚ್ ಹಾಕಿದರೆ ಗಿರ್ರನೆ ತಿರುಗುತ್ತದೆ. ಮುಂದೆ ಒಂದು ಕಬ್ಬಿಣದ ದಂಡೆ. ಅದರ ಮೇಲೆ ಉಳಿಯನ್ನು ಊರಿ ಮೆಲ್ಲಗೆ ಮುಂದೆ ತಂದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು ಮೇಡಂ ತಲೆಯ ಮೇಲೆ, ಬೆಕ್ಕಿನ ಮೇಲೆ, ನನ್ನ ಇಸ್ತ್ರಿ ಶರಟಿನ ಮೇಲೆ ಬೀಳುತ್ತದೆ. ನೋಡನೋಡುತ್ತಲೇ ತುಂಡಿಗೆ ಹೊಟ್ಟೆ ಬರುತ್ತದೆ, ಕುತ್ತಿಗೆ ಬರುತ್ತದೆ, ಬಾಯಿ ಬರುತ್ತದೆ. "ಬಂತು, ಬಂತು, ಬಂತು!" ಎಂದು ಮೇಡಂ ತಾವೇ ಕೂಗುತ್ತಿದ್ದರು, ಕೊನೇ ಸುತ್ತಿನ ಓಟ ನೋಡುವವರ ಹಾಗೆ. ಕಡೆದು ಮುಗಿದ ಮೇಲೆ ಮಿಷನ್ ನಿಲ್ಲಿಸಿ, ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಮುಳ್ಳಿನಿಂದ ಹೂವೋ ಬಳ್ಳಿಯೋ ಕೆತ್ತಲು ಕೂರುತ್ತಿದ್ದರು. ಕಡೆದಿದ್ದೇ ಇಷ್ಟು ನುಣುಪಾಗಿದೆ, ಸುಮ್ಮನೆ ಹಾಗೇ ಬಿಡಬಾರದೇ ಎಂದು ನಾನೊಮ್ಮೆ ಕೇಳಿದೆ.

"ಲೇತು ಏನೇ ಮಾಡಿದ್ರೂ ಸುತ್ತ ಒಂದೇ ಥರ ಡಾಕ್ಟ್ರೇ. ಅಸೆಂಬ್ಲೀಲಿ ಮಕ್ಕಳು ನಿಂತಂಗೆ. ಎಲ್ಲಾರ್ದೂ ಅದೇ ಯೂನಿಫಾರಂ, ಅದೇ ಜಡೆ. ಕೆತ್ತುದ್ರೆ ತಾನೆ ಇವ್ಳ್ಯಾರು, ಅವ್ಳ್ಯಾರು ಅಂತ ಗೊತ್ತಾಗೋದು?"

ಆ 'ಇವಳು, ಅವಳು' ಯಾರು ಎಂದು ನನಗೆ ಗೊತ್ತಾದದ್ದು ಬೇವಿನ ಕೊಂಬೆ ಬಂದ ದಿನ. ಕುಣಿಗಲ್ಲಿನ ಸ್ಕೂಲಿನ ಮೈದಾನದ ಬದಿಯ ಬೇವಿನ ಮರದಲ್ಲಿ ಒಂದು ದಪ್ಪ ಕೊಂಬೆ ಕರೆಂಟ್ ತಂತಿಗೆ ತಾಗುತ್ತದೆಂದು ಲೈನ್‌ಮನ್‌ಗಳು ಕಡಿದಿದ್ದರು. ಸುದ್ದಿ ಕೇಳಿದ ಮೇಡಂ ಮೊದಲ ಬಸ್ಸು ಹತ್ತಿ ಹೋಗಿ, ಅದು ಸೌದೆಯಾಗುವ ಮೊದಲೇ ಹೆಡ್‌ಮಾಸ್ಟರಿಗೆ ಹೇಳಿ ತುಂಡು ಮಾಡಿಸಿ ಹೊತ್ತು ತಂದಿದ್ದರು. ನನ್ನನ್ನು ಕಂಡ ಕೂಡಲೇ, "ಬನ್ನಿ ಬನ್ನಿ! ಬೇವಿನ ಕಡ್ಡೀಲಿ ಊರೋರಿಗೆಲ್ಲಾ ಹಲ್ಲುಜ್ಜಿಸಿ ನಿಮ್ ಕ್ಲಿನಿಕ್ ಮುಚ್ಚಿಸ್ತೀನಿ" ಎಂದು ನಕ್ಕರು. ಆಮೇಲೆ ತುಂಡಿನ ಮೇಲೆ ಕೈಯಿಟ್ಟು, ಅಪರೂಪಕ್ಕೆ ಸ್ವಲ್ಪ ಕೆಳಗಿನ ದನಿಯಲ್ಲಿ, "ನನ್ ಹುಡುಗೀರು ಇದೇ ನೆರಳಲ್ಲಿ ಕೂತು ನೀರು ಕುಡೀತಿದ್ರು" ಎಂದರು.

ಅವರು ಹೇಳಿದ ಕಥೆ ಇಷ್ಟು. ಹಲವು ವರ್ಷಗಳ ಹಿಂದೆ ಅವರ ಖೋ-ಖೋ ತಂಡ ಜಿಲ್ಲಾ ಮಟ್ಟದ ಫೈನಲ್ಲಿಗೆ ಬಂದಿತ್ತು. ಖೋ-ಖೋದಲ್ಲಿ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬಳ ಮುಖ ಈಚೆಗಾದರೆ ಪಕ್ಕದವಳ ಮುಖ ಆಚೆಗೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಒಮ್ಮೆ ಒಂದು ದಿಕ್ಕು ಹಿಡಿದಳೆಂದರೆ ಕಂಬ ಮುಟ್ಟುವವರೆಗೆ ಅದೇ ದಿಕ್ಕು, ನಡುವೆ ಹಿಂದಕ್ಕೆ ತಿರುಗಿದರೆ ಫೌಲ್. ಆ ದಿನ ಒಂದು ಪಾಯಿಂಟ್ ಬಂದರೆ ಕಪ್ ಇವರದು. ಭಾಗ್ಯ ಎಂಬ ಹುಡುಗಿ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಎದುರಾಳಿ ಅವಳ ಬೆನ್ನ ಹಿಂದೆ ನುಸುಳಿದಳು. ಕೈಗೆ ಸಿಗುವಷ್ಟು ಹತ್ತಿರ. ಭಾಗ್ಯ ತಡೆಯಲಾರದೆ ತಿರುಗಿಬಿಟ್ಟಳು. ಅಂಪೈರ್ ಸೀಟಿ ಊದಿದ. ಟೈಮ್ ಮುಗಿಯಿತು, ಕಪ್ ಹೋಯಿತು.

"ಅಷ್ಟೇ ಆಗಿದ್ರೆ ಪರ್ವಾಗಿರ್ಲಿಲ್ಲ ಡಾಕ್ಟ್ರೇ. ನಾನ್ ಏನ್ಮಾಡ್ದೆ ಗೊತ್ತಾ? ಗ್ರೌಂಡ್ ಮಧ್ಯ ಹೋಗಿ, ಎಲ್ಲಾರ್ ಮುಂದೆ, 'ನಿನ್ನಿಂದ್ಲೇ ಹೋಯ್ತು ಕಣೇ ಕಪ್ಪು' ಅಂದ್ಬುಟ್ಟೆ. ಹದಿನೈದು ವರ್ಷದ್ ಮಗಿಗೆ."

ಭಾಗ್ಯ ಆಮೇಲೆ ಮೈದಾನಕ್ಕೆ ಕಾಲಿಡಲಿಲ್ಲ. ಮುಂದೆ ಗುಬ್ಬಿಗೆ ಸೊಸೆಯಾಗಿ ಹೋಗಿ ಗಂಡನ ಜೊತೆ ಬೇಕರಿ ನಡೆಸತೊಡಗಿದಳು. ತಂಡದ ಉಳಿದವರೆಲ್ಲ ವರ್ಷಕ್ಕೊಮ್ಮೆ ಮೇಡಂ ಮನೆಯಲ್ಲಿ ಸೇರಿ ಗಲಾಟೆ ಮಾಡಿ ಹೋಗುವುದನ್ನು ನಾನೂ ನೋಡಿದ್ದೆ, ಅವಳೊಬ್ಬಳು ಬರುತ್ತಿರಲಿಲ್ಲ. ಮೇಡಂ ತಾವೇ ಬೇಕರಿಗೆ ಹೋಗಿಯೂ ಬಂದಿದ್ದರಂತೆ. "ಟೀ ಕೊಟ್ಲು, ಖಾರದ್ ಬನ್ ಕೊಟ್ಲು, ಮುಖ ಕೊಟ್ಟು ಮಾತ್ ಮಾತ್ರ ಆಡ್ಲಿಲ್ಲ. ಸಾರಿ ಅನ್ನೋಣ ಅಂತ ಬಾಯ್ ತೆಗೆದ್ರೆ ಗಿರಾಕಿ ನೋಡೋ ನೆಪದಲ್ಲಿ ಒಳಕ್ಕೋದ್ಲು." ಹೇಳುತ್ತಾ ಹೇಳುತ್ತಾ ಮತ್ತೆ ಅವರ ದನಿ ಏರಿತು. "ಬಾಯಲ್ಲಿ ಹೇಳುದ್ರೆ ಆಗಲ್ಲ ಬುಡಿ. ಕಪ್ ಹೋಗಿದ್ದು ತಾನೆ? ಕಪ್ಪೇ ಮಾಡ್ಕೊಡ್ತೀನಿ! ಎಂಥಾ ಕಪ್ಪು ಅಂತೀರಾ, ಕೇಳಿ ಇಲ್ಲಿ!"

ಸಿಪ್ಪೆಯ ರಾಶಿಯ ಮೇಲೆ ಬೆರಳಾಡಿಸಿ ಚಿತ್ರ ಬರೆದರು. ಮುಚ್ಚಳವಿರುವ ಒಂದು ದುಂಡು ಪಾತ್ರೆ. ಕಡೆಯುವಾಗ ಅದರ ಹೊಟ್ಟೆಯ ಸುತ್ತ ಮರವನ್ನು ಒಂದು ಪಟ್ಟಿಯಷ್ಟು ದಪ್ಪಗೆ ಬಿಡುವುದು. ಆ ಪಟ್ಟಿಯಲ್ಲಿ ಎಂಟು ಹುಡುಗಿಯರನ್ನು ಕೂತಂತೆ ಕೆತ್ತುವುದು, ಒಬ್ಬಳದು ಮುಖ, ಪಕ್ಕದವಳದು ಬೆನ್ನು. ಮುಚ್ಚಳದ ಅಂಚಿನಲ್ಲಿ ಬಳೆಯಂತೆ ಇನ್ನೊಂದು ದಪ್ಪ ಸುತ್ತು. ಆ ಬಳೆಯನ್ನೆಲ್ಲ ಕೆತ್ತಿ ತೆಗೆದು ಒಂದೇ ಒಂದು ಕಡೆ ಒಬ್ಬ ಹುಡುಗಿಯನ್ನು ಉಳಿಸುವುದು, ಕೈ ಚಾಚಿ ಓಡುತ್ತಿರುವವಳು. ಮುಚ್ಚಳ ತಿರುಗಿಸಿದರೆ ಅವಳು ಎಂಟೂ ಜನರ ತಲೆಯ ಮೇಲೆ ಸುತ್ತ ಓಡಬೇಕು! ಡಾಕ್ಟರಿಕೆ ಓದಿದ ಮೇಲೆ ನಾನು ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದು ಅದೇ ಮೊದಲಿರಬೇಕು. ಬೆಕ್ಕು ಹೆದರಿ ಹೊರಗೆ ಓಡಿತು.

ಆದರೆ ಮೇಡಂಗೆ ಕಾಯುವುದೆಂದರೆ ಆಗದು. ಕೊಂಬೆ ಇನ್ನೂ ಹಸಿ. ಮರುದಿನವೇ ಲೇತಿಗೆ ಹಾಕಿದರು. ಹಸಿ ಮರ ಉಳಿಗೆ ಸಲೀಸು, ಬೇಗ ಬೇಗ ಸುಲಿಯುತ್ತದೆ. ಬೇವಿನ ಪುಡಿ ಹಾರಿ ನಮ್ಮ ಬೀದಿಯವರ ನಾಲಿಗೆಯೆಲ್ಲ ಕಹಿ. ಎಂಟು ಹುಡುಗಿಯರೂ ಬಂದರು, ಮುಚ್ಚಳದವಳೂ ಬಂದಳು. ಮುಚ್ಚಳ ಕೂತಿತು, ತಿರುಗಿತು. ಮೇಡಂ ಬೀದಿಗೆಲ್ಲ ಮೈಸೂರ್ ಪಾಕ್ ಹಂಚಿದರು. ಮುಂದಿನ ಗೆಟ್‌ಟುಗೆದರ್‌ಗೆ ಭಾಗ್ಯಳನ್ನು ಕರೆದೇ ಕರೆಯುತ್ತೇನೆ ಎಂದರು.

ಬೇಸಿಗೆ ಬಂತು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಎದುರು ಮನೆಯಿಂದ ಸೀಟಿ, ನಿಲ್ಲದೆ ಊದುತ್ತಿರುವ ಸೀಟಿ. ನೊರೆ ಬಾಯಿಯಲ್ಲೇ ಓಡಿದೆ. ಮೇಡಂ ಕಪ್ಪನ್ನು ಕೈಲಿ ಹಿಡಿದು ನಿಂತಿದ್ದರು. ಒಣಗುತ್ತಾ ಒಣಗುತ್ತಾ ಮರ ಒಂದು ಕಡೆ ಕುಗ್ಗಿ, ದುಂಡಗಿದ್ದ ಬಾಯಿ ಮೊಟ್ಟೆಯಂತೆ ಉದ್ದಕ್ಕಾಗಿತ್ತು. ಮುಚ್ಚಳ ಅರ್ಧಕ್ಕೆ ಕಚ್ಚಿಕೊಂಡು ನಿಂತಿತ್ತು. ಮುಚ್ಚಳದ ಮೇಲಿನ ಹುಡುಗಿ ಅತ್ತಲೂ ಹೋಗಲಾರಳು, ಇತ್ತಲೂ ಬರಲಾರಳು.

"ಫೌಲ್ ನಂದೇ ಡಾಕ್ಟ್ರೇ" ಎಂದರು. "ಹಸೀ ಮರ ಕಡೀಬೇಡ, ಕಡೆದ್ರೂ ಕಾಯಿ ಅಂತ ನಮ್ಮಪ್ಪ ಬಡ್ಕೊಳ್ತಿದ್ದ. ನೋಡಿ, ಮತ್ತೆ ಅವ್ಳನ್ನ ನಡೂ ದಾರೀಲಿ ನಿಲ್ಲಿಸ್ಬುಟ್ಟೆ."

ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಅದೂ ಎಷ್ಟು ಹೊತ್ತು? ನಾನು ಬಾಯಿ ತೊಳೆದು ಬರುವಷ್ಟರಲ್ಲಿ ಕೊಂಬೆಯ ಉಳಿದ ಕೊನೇ ತುಂಡು ಲೇತಿನ ಮೇಲಿತ್ತು. ಈ ಸಲ ಅಪ್ಪ ಹೇಳಿದ ಹಾಗೆ. ಮೊದಲು ದಪ್ಪ ದಪ್ಪವಾಗಿ ಒರಟಾಗಿ ಕಡೆದು, ಅದರದೇ ಸಿಪ್ಪೆಯ ಜೊತೆ ಗೋಣಿಚೀಲದಲ್ಲಿ ಹೂತಿಟ್ಟು, ಮೆಲ್ಲಗೆ ಒಣಗಲು ಬಿಡುವುದು. ಕುಗ್ಗುವುದನ್ನೆಲ್ಲ ಚೀಲದೊಳಗೇ ಕುಗ್ಗಿಕೊಳ್ಳಲಿ, ಆಮೇಲೆ ಇನ್ನೊಮ್ಮೆ ಕಡೆದು ದುಂಡಗೆ ಮಾಡಿಕೊಳ್ಳಬಹುದು. ಪೂರ್ತಿ ಒಣಗಿತೋ ಇಲ್ಲವೋ ಎಂದು ತಿಳಿಯುವುದು ತೂಕದಿಂದ. ತೂಕ ಇಳಿಯುತ್ತಿದೆ ಎಂದರೆ ಒಳಗಿನ್ನೂ ನೀರಿದೆ.

ಹಾಗಾಗಿ ಮೇಡಂ ಆಗಾಗ ಆ ಒರಟು ಬಟ್ಟಲನ್ನು ಬ್ಯಾಗಿಗೆ ಹಾಕಿಕೊಂಡು ನನ್ನ ಕ್ಲಿನಿಕ್ಕಿನ ಕೆಳಗಿನ ದಿನಸಿ ಅಂಗಡಿಗೆ ಬರುತ್ತಿದ್ದರು. ಅಂಗಡಿಯವನು ಮೊದಮೊದಲು, "ಏನ್ ಕೊಡ್ಲಿ ಮೇಡಂ, ಬೇಳೆನಾ?" ಎನ್ನುತ್ತಿದ್ದ. "ಬೇಳೆ ನಿನ್ ಹತ್ರಾನೇ ಇರ್ಲಿ, ಇದ್ನ ತೂಕ ಹಾಕು." ಬರಬರುತ್ತಾ ಅವನಿಗೂ ಹುಚ್ಚು ಹಿಡಿಯಿತು. ಮೇಡಂ ದೂರದಲ್ಲಿ ಕಂಡರೆ ಸಾಕು, ಗಿರಾಕಿಯ ಸಕ್ಕರೆಯನ್ನು ತಕ್ಕಡಿಯಿಂದ ಇಳಿಸಿ, "ಬನ್ನಿ ಬನ್ನಿ, ಎಷ್ಟ್ ಇಳ್ದವ್ಳೆ ನೋಡಣ" ಎಂದು ಕಾಯುತ್ತಿದ್ದ. ಇಳಿದಿದ್ದರೆ ಇಬ್ಬರಿಗೂ ಬೇಜಾರು. ನಾನು ಮೇಲಿನಿಂದ ರೋಗಿಯ ಬಾಯಲ್ಲಿ ಕೈಯಿಟ್ಟುಕೊಂಡೇ, "ಏನಾಯ್ತು?" ಎಂದು ಕಿಟಕಿಯಲ್ಲಿ ಕೂಗಿ ಕೇಳುತ್ತಿದ್ದೆ.

ಆದರೆ ಆ ಕಾಯುವಿಕೆಯಲ್ಲಿ ಇನ್ನೊಂದು ಆಯಿತು. ಒಂದು ದಿನ ಕ್ಲಿನಿಕ್ಕಿನಲ್ಲಿ ಬಾಯಿ ಮುಕ್ಕಳಿಸಲು ಲೋಟ ಕೊಟ್ಟೆ. ನೀರು ತುಟಿಗೆ ಹೋಗುವ ಮೊದಲೇ ಸೀರೆಯ ಮೇಲೆ ಚೆಲ್ಲಿತು. ಬಲಗೈ ನಡುಗುತ್ತಿತ್ತು. ಯಾವಾಗಿನಿಂದ ಎಂದು ಕೇಳಿದೆ. "ಅದೇನಿಲ್ಲ ಬುಡಿ" ಎಂದರು. ನರದ ಡಾಕ್ಟರಿಗೆ ತೋರಿಸಿದ್ದರಂತೆ, ಮಾತ್ರೆಯೂ ತಗೊಳ್ಳುತ್ತಿದ್ದರಂತೆ. ಇದು ಹೆಚ್ಚಾಗುವುದೇ ಹೊರತು ಕಡಿಮೆಯಾಗುವುದಲ್ಲ ಎಂದು ಆ ಡಾಕ್ಟರು ಹೇಳಿದ್ದರಂತೆ. ಮೇಡಂಗೆ ಆಗಲೇ ಗೊತ್ತಿತ್ತು. ಒಂದು ಕಡೆ ಮರ ಒಣಗಬೇಕು, ಇನ್ನೊಂದು ಕಡೆ ಕೈ ಅಲ್ಲಿಯವರೆಗೆ ತಡೆಯಬೇಕು.

ಅಂತೂ ಒಂದು ದಿನ ದಿನಸಿ ಅಂಗಡಿಯಿಂದ ಕೇಕೆ ಕೇಳಿಸಿತು. ತೂಕ ಇಳಿಯುವುದು ನಿಂತಿತ್ತು! ಅಂಗಡಿಯವನು ಅಲ್ಲಿದ್ದವರಿಗೆಲ್ಲ ಪೆಪ್ಪರ್‌ಮಿಂಟ್ ಹಂಚಿದ. ಯಾಕೆಂದು ಅವರಿಗೆ ತಿಳಿಯಲೇ ಇಲ್ಲ.

ಎರಡನೇ ಸಲ ಕಡೆಯುವುದನ್ನು ನಾನು ರಜ ಹಾಕಿ ನೋಡಿದೆ. ಉದ್ದನೆಯ ಸೀಟಿ, ಮಿಷನ್ ಶುರು. ಉಳಿಯನ್ನು ದಂಡೆಗೆ ಊರಿದ್ದೇ ತಡ, ಕೈಯ ನಡುಕ ಎಲ್ಲಿ ಹೋಯಿತೋ! ಕಬ್ಬಿಣದ ಆಸರೆ ಸಿಕ್ಕಿದ್ದಕ್ಕೆ ಕೈ ಸುಮ್ಮನಾಗಿತ್ತು. ಮೇಲಿನ ಅಂಚು, ಮುಚ್ಚಳ ಕೂರುವ ತೋಡು, ಹೊಟ್ಟೆಯ ಪಟ್ಟಿ, ಎಲ್ಲವೂ ಕೂದಲೆಳೆಯಷ್ಟೂ ತಪ್ಪದೆ ಬಂದವು. ಮುಚ್ಚಳ ಇಟ್ಟು ಒಂದು ಬೆರಳಲ್ಲಿ ತಳ್ಳಿದರೆ ಬುಗುರಿಯಂತೆ ತಿರುಗಿ ತಾನೇ ನಿಂತಿತು. ಎರಡು ಚಿಕ್ಕ ಸೀಟಿ.

ಕೆತ್ತಲು ಕೂತಾಗಲೇ ತೊಂದರೆ. ತೊಡೆಯ ಮೇಲೆ ಪಾತ್ರೆ, ಗಾಳಿಯಲ್ಲಿ ಕೈ, ಮುಳ್ಳು ಮರಕ್ಕೆ ತಾಗಿದರೆ ಟರ್ರೆಂದು ಜಾರುತ್ತದೆ. ಮೊದಲನೇ ಹುಡುಗಿಯ ಜಡೆಗೆ ಒಂದು ಗೀರು ಬಿತ್ತು. ಮೇಡಂ ಮೋಟರು ಆರಿಸಿ, "ಆಯ್ತು, ನಾನ್ ರಿಟೈರ್ಡ್ ಹರ್ಟ್" ಎಂದು ನಗಲು ನೋಡಿದರು. ನಗು ಬರಲಿಲ್ಲ.

ಆಗ ನನಗೆ ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ! ಹಲ್ಲಿನ ಡಾಕ್ಟರು ಗಾಳಿಯಲ್ಲಿ ಕೈಯಿಟ್ಟು ಕೊರೆಯುವುದಿಲ್ಲ. ಕೊರೆಯುವ ಬೆರಳುಗಳ ಪಕ್ಕದ ಉಂಗುರದ ಬೆರಳನ್ನು ಇನ್ನೊಂದು ಹಲ್ಲಿನ ಮೇಲೆ ಗಟ್ಟಿಯಾಗಿ ಊರಿರುತ್ತೇವೆ. ಕಾಲೇಜಿನಲ್ಲಿ ನಮಗೆ ಮೊದಲು ಬೈದು ಕಲಿಸುವುದೇ ಅದನ್ನು. ಮೇಡಂ ಪಕ್ಕ ಕೂತು, ಅವರ ಕೈ ಹಿಡಿದು, ಉಂಗುರದ ಬೆರಳನ್ನು ಮರದ ಮೇಲೆ ಒತ್ತಿ ಇಡಿಸಿದೆ. ಪಾತ್ರೆಯನ್ನು ತೊಡೆಯಿಂದ ತೆಗೆದು ಬೆಂಚಿನ ಮೇಲೆ ಮರಳಿನ ಚೀಲದಲ್ಲಿ ಕೂರಿಸಿದೆ. "ಈ ಬೆರಳು ಎತ್ತಬೇಡಿ, ಏನೇ ಆದರೂ ಎತ್ತಬೇಡಿ" ಎಂದೆ.

ಮುಳ್ಳು ತಿರುಗಿತು. ಒಂದು ಕೂದಲೆಳೆ ಬಂತು. ಇನ್ನೊಂದು ಬಂತು. ಮೇಡಂ ಉಸಿರು ಬಿಗಿಹಿಡಿದು ಒಂದು ಕಿವಿ ಪೂರ್ತಿ ಕೆತ್ತಿ, ಮೋಟರು ಆರಿಸಿ, ನನ್ನ ಕಡೆ ತಿರುಗಿ, ನನ್ನ ಕಿವಿಯ ಪಕ್ಕದಲ್ಲೇ ಸೀಟಿ ಊದಿದರು. "ಅಲ್ರೀ ಡಾಕ್ಟ್ರೇ! ಇಷ್ಟ್ ದಿನ ಇದ್ನ ಬಚ್ಚಿಟ್ಕೊಂಡಿದ್ರಲ್ಲ, ನಿಮಗೇನ್ ಶಿಕ್ಷೆ ಕೊಡ್ಲಿ? ಗ್ರೌಂಡ್ ಸುತ್ತ ಓಡುಸ್ಲಾ?"

ಬೆಳಿಗ್ಗೆ ಕೈ ಸ್ವಲ್ಪ ಸಮಾಧಾನವಾಗಿರುವ ಹೊತ್ತಿನಲ್ಲಿ ಮಾತ್ರ ಕೂತು ಒಬ್ಬೊಬ್ಬಳನ್ನಾಗಿ ಕೆತ್ತಿದರು. ಒಬ್ಬಳಿಗೆ ಮಂಡಿಯಲ್ಲಿ ಪಟ್ಟಿ, ಒಬ್ಬಳಿಗೆ ಬಿಚ್ಚಿದ ರಿಬ್ಬನ್, ಒಬ್ಬಳು ಬಾಯಿ ತೆರೆದು ಕೂಗುತ್ತಿದ್ದಾಳೆ. ಕಡೆಗೆ ಮುಚ್ಚಳದ ಬಳೆ. ಸುತ್ತಲಿನದನ್ನೆಲ್ಲ ತೆಗೆದು ಉಳಿದ ಒಂದು ಚೂರಿನಲ್ಲಿ ಕೈ ಚಾಚಿದ ಭಾಗ್ಯ ಬಂದಳು. ಒಂದು ಸಲವೂ ಜಾರಲಿಲ್ಲ. ಮೊದಲನೇ ಜಡೆಯ ಗೀರನ್ನು ಮೇಡಂ ಹಾಗೆಯೇ ಬಿಟ್ಟರು. "ಆ ಹುಡುಗಿಗೆ ತಲೆ ಬಾಚ್ಕೊಂಡ್ ಬರೋ ಅಭ್ಯಾಸಾನೇ ಇರ್ಲಿಲ್ಲ" ಎಂದರು.

ಜೇನುಮೇಣ ಉಜ್ಜಿ ಹೊಳಪು ಬರಿಸಿದ ಮರುದಿನವೇ ನನ್ನ ಕಾರಿನಲ್ಲಿ ಗುಬ್ಬಿಗೆ ಹೊರಟೆವು. ದಾರಿಯುದ್ದಕ್ಕೂ ಮೇಡಂ ತೊಡೆಯ ಮೇಲಿನ ಬ್ಯಾಗನ್ನು ಮತ್ತೆ ಮತ್ತೆ ತೆಗೆದು ಕಪ್ಪು ನೋಡುತ್ತಿದ್ದರು. ಹೆಗ್ಗೆರೆ ದಾಟಿದ ಮೇಲೆ ಒಮ್ಮೆ, "ಅವ್ಳು ಮತ್ತೆ ಒಳಕ್ ಹೋಗ್ಬುಟ್ರೆ?" ಎಂದರು. ನಾನು ಕಾರಿನ ವೇಗ ಹೆಚ್ಚಿಸಿದೆ.

ಮಧ್ಯಾಹ್ನದ ಹೊತ್ತು ಬೇಕರಿಯಲ್ಲಿ ಜನ ಕಡಿಮೆ. ಗಾಜಿನ ಪೆಟ್ಟಿಗೆಯ ಹಿಂದೆ ಏಪ್ರನ್ ಕಟ್ಟಿದ, ನಡುವಯಸ್ಸಿನ ಗಟ್ಟಿಮುಟ್ಟಾದ ಹೆಂಗಸು ಬನ್ನು ಜೋಡಿಸುತ್ತಿದ್ದಳು. ಮೇಡಂ ಅವರನ್ನು ಕಂಡು ಅವಳ ಕೈ ನಿಂತಿತು. "ಬನ್ನಿ ಮಿಸ್. ಟೀ ಹೇಳ್ತೀನಿ" ಎಂದು ಆಗಲೇ ಒಳಬಾಗಿಲಿನ ಕಡೆ ತಿರುಗಿದಳು.

"ಟೀ ಆಮೇಲೆ. ನಿಂತ್ಕೊಳೇ ಒಂದ್ ನಿಮಿಷ." ಮೇಡಂ ಬ್ಯಾಗಿನಿಂದ ಕಪ್ಪನ್ನು ತೆಗೆದು ಗಾಜಿನ ಮೇಲಿಟ್ಟರು. ಕೈ ಎಷ್ಟು ನಡುಗುತ್ತಿತ್ತೆಂದರೆ ಮರ ಗಾಜಿಗೆ ಟಕಟಕ ಬಡಿಯಿತು. ಭಾಗ್ಯ ನೋಡಿದ್ದು ಮೊದಲು ಆ ಕೈಯನ್ನು. ಆಮೇಲೆ ಕಪ್ಪನ್ನು.

"ಮುಚ್ಚಳ ತಿರುಗ್ಸು" ಎಂದರು ಮೇಡಂ.

ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಎರಡು ಬೆರಳಲ್ಲಿ ಮುಚ್ಚಳ ಹಿಡಿದಳು. ಮರದ ಹುಡುಗಿ ಓಡತೊಡಗಿದಳು. "ಇದು ನಾಗಮಣಿ, ಮಂಡಿ ಪಟ್ಟಿ... ಅಯ್ಯೋ, ರಿಬ್ಬನ್ ನೋಡು, ಪುಷ್ಪ... ಇವ್ಳು ಕೂಗೋಳು..." ಹೆಸರು ಹೇಳುತ್ತಾ ಹೇಳುತ್ತಾ ಅವಳ ದನಿ ಚಿಕ್ಕ ಹುಡುಗಿಯದಾಯಿತು. ಒಂದು ಸುತ್ತು ಮುಗಿಯುವ ಮೊದಲೇ ಬೆರಳು ನಿಂತಿತು. ಮುಚ್ಚಳದ ಮೇಲಿರುವವಳು ಯಾರೆಂದು ಗೊತ್ತಾಗಿತ್ತು. ಅವಳು ತಲೆಯೆತ್ತಿ ಮೇಡಂ ಮುಖವನ್ನು ನೇರವಾಗಿ ನೋಡಿದಳು. ಕಣ್ಣು ತೆಗೆಯದೆಯೇ, ಬೇಕೆಂದೇ, ಮುಚ್ಚಳವನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು.

ಅಭ್ಯಾಸಬಲ, ಮೇಡಂ ಕೈ ಕೊರಳಿನ ಸೀಟಿಗೆ ಹೋಯಿತು. ಹೋಗಿ ಅಲ್ಲೇ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿತು.

"ಊದಲ್ವಾ ಮಿಸ್?"

"ಈ ಕಪ್ಪಲ್ಲಿ ಆ ಫೌಲಿಲ್ಲ ಕಣೇ. ಯಾವ್ ಕಡೆ ಬೇಕಾದ್ರೂ ತಿರುಗು." ಮೇಡಂ ಗಾಜಿನ ಪೆಟ್ಟಿಗೆಗೆ ಒರಗಿದರು. "ಅವತ್ತು ನಾನಂದಿದ್ದು ತಪ್ಪು ಭಾಗ್ಯ. ನೀನು ಅಷ್ಟ್ ಹತ್ರ ಹೋಗಿದ್ದೇ ದೊಡ್ದು. ಅದ್ನ ಹೇಳ್ಬೇಕಿತ್ತು."

ಭಾಗ್ಯ ಗಾಜಿನ ಪೆಟ್ಟಿಗೆಯ ಮೇಲಿಂದ ಬಗ್ಗಿ, ಮೇಡಂ ಮುಷ್ಟಿಯನ್ನು ಬಿಡಿಸಿ, ಸೀಟಿಯನ್ನು ದಾರದ ಸಮೇತ ತಲೆಯ ಮೇಲಿಂದ ತೆಗೆದುಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು. ಕೆನ್ನೆ ಉಬ್ಬಿಸಿ ಊದಿದಳು ನೋಡಿ, ಆಟ ಮುಗಿದಾಗ ಊದುವ ಉದ್ದನೆಯ ಸೀಟಿ! ಒಳಗಿನಿಂದ ಅವಳ ಗಂಡ ಮೈದಾ ಮೆತ್ತಿದ ಕೈಯಲ್ಲಿ ಓಡಿ ಬಂದ. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ಸ್ಕೂಟರ್ ನಿಲ್ಲಿಸಿದರು.

"ಮ್ಯಾಚ್ ಮುಗೀತು ಮಿಸ್" ಎಂದಳು ಭಾಗ್ಯ. "ಈಗ ಕೂತ್ಕೊಂಡು ಟೀ ಕುಡೀರಿ."

ವಾಪಸು ಬರುವಾಗ ಊರು ದಾಟಿದ ಮೇಲೆ ಮೇಡಂ ಕೊರಳು ಮುಟ್ಟಿ ನೋಡಿಕೊಂಡರು. ಸೀಟಿ ಅಲ್ಲೇ ಉಳಿದಿತ್ತು. ಗಾಡಿ ತಿರುಗಿಸಲೇ ಎಂದು ಕೇಳಿದೆ. ಬೇಡ, ಅವಳ ಹತ್ತಿರವೇ ಇರಲಿ ಎಂದು ಕೈಯಾಡಿಸಿದರು. ಆಮೇಲೆ ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ತೆಂಗಿನ ತೋಟಗಳಿಗೆಲ್ಲ ಕೇಳುವಂತೆ ಕೂಗಿದರು: "ತಿರುಗಿದ್ಲು! ನೋಡಿದ್ರಾ ಡಾಕ್ಟ್ರೇ, ಹಿಂದಕ್ ತಿರುಗಿದ್ಲು!"